ಗ್ವಾಡಿಯ ಮೊದಲ ಸಾಲು

ಬನಾಳದಲ್ಲಿ ನಲವತ್ತು ದಾಟಿದ ಗಂಡಸಿಗೆ ಗುಟ್ಟು ಹೇಳುವ ಹಾಗಿರಲಿಲ್ಲ. ಹೇಳಿದರೆ ಮೊದಲು ಓಣಿಗೆ ಕೇಳುತ್ತಿತ್ತು, ಆಮೇಲೆ ಅವನಿಗೆ. ಮನೆಮನೆಯ ಪಡಸಾಲೆಯಲ್ಲಿ ವಿದ್ಯುತ್ ಮಗ್ಗ. ಬೆಳಗಿನಿಂದ ಕತ್ತಲಾಗುವವರೆಗೆ ಖಟಲ್ ಖಟಲ್ ಎಂದು ಅತ್ತಿತ್ತ ಬಡಿದುಕೊಳ್ಳುವ ಲಾಳಿ. ಆ ಸದ್ದಿನಲ್ಲಿ ಹರೆಯವೆಲ್ಲ ನಿಂತವನ ಕಿವಿ ಕೊನೆಗೆ ಹತ್ತಿ ತುಂಬಿದ ದಿಂಬಿನಂತಾಗುತ್ತಿತ್ತು. ಹೆಣ್ಣು ಕೊಡುವವರು ವರನ ಮನೆ ನೋಡುತ್ತಿದ್ದರು, ಮಗ್ಗ ನೋಡುತ್ತಿದ್ದರು, ಕಿವಿ ಮಾತ್ರ ನೋಡುತ್ತಿರಲಿಲ್ಲ. ಹೋಗುವ ವಸ್ತುವನ್ನು ಯಾರು ತಾನೇ ಪರೀಕ್ಷೆ ಮಾಡುತ್ತಾರೆ?

ಅಂಥ ಊರಿಗೆ ಕಿವಿಮಣಿ ಬಂತು. ಜೋಳದ ಕಾಳಿನಷ್ಟು ಗಾತ್ರ. ಕಿವಿಯ ಹಿಂದಿನ ಎಲುಬಿನಲ್ಲಿ ಅದನ್ನು ಕೂಡಿಸಿದರೆ ಸತ್ತ ಕಿವಿಯ ಗೊಡವೆಯೇ ಇಲ್ಲ, ಸದ್ದು ನೇರವಾಗಿ ನರಕ್ಕೆ. ಆದರೆ ಮಣಿಗೆ ಸ್ವಂತ ಬುದ್ಧಿ ಇರಲಿಲ್ಲ. ಸುತ್ತಲಿನ ಸದ್ದನ್ನೆಲ್ಲ ಹಿಡಿದು, ನೇಕಾರ ಸೊಸೈಟಿಯ ಹಳೆಯ ನೂಲಿನ ಗೋದಾಮಿನಲ್ಲಿ ಕೂಡಿಸಿದ್ದ ಸರ್ವರ್‌ಗೆ ಅದು ಕಳಿಸುತ್ತಿತ್ತು. ಸರ್ವರ್ ಸೋಸಿ, ಬೇಕಾದದ್ದನ್ನಷ್ಟೇ ರೆಪ್ಪೆ ಬಡಿಯುವುದರೊಳಗೆ ಮರಳಿ ಕೊಡುತ್ತಿತ್ತು. ಯಾವುದು ಬೇಕು, ಯಾವುದು ಬೇಡ ಎಂದು ಬಾಗಿಲಲ್ಲಿ ನಿಂತು ತೀರ್ಮಾನಿಸುವುದು ಅದರ ಫೈರ್‌ವಾಲ್. ಊರವರು ತಮ್ಮ ಮಾತಿನಲ್ಲಿ ಅದನ್ನು ಗ್ವಾಡಿ, ಅಂದರೆ ಗೋಡೆ, ಎಂದರು. ಗೋದಾಮು ಗ್ವಾಡಿ ಆಫೀಸು ಆಯಿತು.

ಒಂದು ಕೊರತೆ ಮಾತ್ರ ಉಳಿಯಿತು. ಮಣಿಗೆ ದಿಕ್ಕು ತಿಳಿಯುತ್ತಿರಲಿಲ್ಲ. ಹಿಂದಿನಿಂದ ಕೂಗಿದರೂ ಮುಂದಿನಿಂದ ಕೂಗಿದರೂ ಒಂದೇ. ಮೊದಮೊದಲು ಸಂತೆಯಲ್ಲಿ ಹೆಸರು ಹಿಡಿದು ಕರೆದರೆ ಗಂಡಸರು ಗಿರಗಿಟ್ಲೆಯಂತೆ ತಿರುಗುತ್ತಿದ್ದರು, ಮಕ್ಕಳು ಅದನ್ನೇ ಆಟ ಮಾಡಿಕೊಂಡಿದ್ದರು.

ಚಂಪಾ ಈ ಗ್ವಾಡಿ ಆಫೀಸಿನವಳು. ಮೊದಲು ಸೊಸೈಟಿಯಲ್ಲಿ ಬಿಲ್ಲು ಬರೆಯುತ್ತಿದ್ದಳು. ಹಾಗಾಗಿ ಅವಳ ಕಿವಿ ಮಗ್ಗದ ಬಾಯಿಂದ ಉಳಿದಿತ್ತು, ಮಣಿಯ ಅಗತ್ಯ ಬಿದ್ದಿರಲಿಲ್ಲ. ಹುಬ್ಬಳ್ಳಿಯಿಂದ ಬಂದ ಎಂಜಿನಿಯರು ಅವಳಿಗೂ, ಊರೂರು ತಿರುಗಿ ಮಗ್ಗ ರಿಪೇರಿ ಮಾಡುತ್ತಿದ್ದ ಬಂದೇನವಾಜನಿಗೂ ಕೆಲಸ ಕಲಿಸಿ ಹೋದರು. ಕಲಿಯುವಂಥದ್ದು ಬಹಳವೇನೂ ಇರಲಿಲ್ಲ. ಕಪ್ಪು ಪರದೆ, ಮಿಣುಕುವ ಗೆರೆ, ಕೀಲಿಮಣೆ. ಒಬ್ಬೊಬ್ಬರ ಕಿವಿಗೂ ಒಂದೊಂದು ಸಾಲುಗಳ ಸರ. ಸದ್ದು ಬಂದು ಮೊದಲ ಸಾಲಿನ ಮುಂದೆ ನಿಲ್ಲುತ್ತದೆ. ಆ ಸಾಲು ತನ್ನದಲ್ಲ ಎಂದರೆ ಎರಡನೆಯದಕ್ಕೆ ಹೋಗುತ್ತದೆ, ಅಲ್ಲಿಂದ ಮೂರನೆಯದಕ್ಕೆ. ಯಾವ ಸಾಲು ಇದು ನನ್ನದು ಎಂದು ಹಿಡಿಯುತ್ತದೋ ಅಲ್ಲಿಗೆ ಅದರ ಹಣೆಬರಹ ಮುಗಿಯಿತು. ಕೆಳಗಿನ ಸಾಲುಗಳಿಗೆ ಅಂಥದ್ದೊಂದು ಸದ್ದು ಬಂದಿತ್ತು ಎನ್ನುವುದೂ ಗೊತ್ತಾಗುವುದಿಲ್ಲ. ಸಾಲಿನ ಕೊನೆಗೆ ಬರೆಯುವ ಆಜ್ಞೆ ಮೂರು. ‘ಬಿಡು’ ಎಂದರೆ ಸದ್ದು ಒಳಗೆ ಹೋಗುತ್ತದೆ. ‘ಮರಳಿಸು’ ಎಂದರೆ ಹೋಗುವುದಿಲ್ಲ, ಆದರೆ ಕೇಳುವವನ ಮಣಿ ಟಿಕ್ ಎಂದು ಮಾತಾಡಿದವರಿಗೆ ತಿಳಿಸುತ್ತದೆ. ‘ನುಂಗು’ ಎಂದರೆ ನುಂಗುತ್ತದೆ, ಅಷ್ಟೇ. ಮಾತಾಡಿದವರಿಗೆ ತಮ್ಮ ಮಾತು ಎಲ್ಲಿ ಹೋಯಿತೆಂದು ಯಾವತ್ತೂ ತಿಳಿಯುವುದಿಲ್ಲ.

ಮಗ್ಗದ ಸದ್ದು ನುಂಗು. ಮನುಷ್ಯರ ದನಿ ಬಿಡು. ಇಷ್ಟರಿಂದ ಶುರುವಾದದ್ದು. ಗಂಡಸರು ಹಲ್ಲಿ ಲೊಚಗುಟ್ಟುವುದನ್ನು ಕೇಳಿ ಹೆಂಡಿರನ್ನು ಕರೆದು ತೋರಿಸಿದರು. ಮುದುಕನೊಬ್ಬ ಸಾರು ಕುದಿಯುವ ಸದ್ದು ಕೇಳುತ್ತ ಒಲೆಯ ಮುಂದೆ ಕೂತವನು ಏಳಲೇ ಇಲ್ಲ. ಆಮೇಲೆ ಬೇಡಿಕೆಗಳು ಬಂದವು. ನಾಯಿ ನುಂಗಿಸಿ, ಲೌಡ್‌ಸ್ಪೀಕರ್ ನುಂಗಿಸಿ, ಪಕ್ಕದ ಮನೆಯ ಮೊಬೈಲಿನ ಹಾಡು ನುಂಗಿಸಿ. ಅಲ್ಲಿಂದ ಒಂದು ಹೆಜ್ಜೆ ಮುಂದೆ ಅತ್ತೆಯನ್ನು, ಅಳಿಯನನ್ನು, ಸಾಲ ಕೊಟ್ಟವನನ್ನು. ಸೊಸೈಟಿಯ ಸಭೆಯಲ್ಲಿ ದೊಡ್ಡ ಗದ್ದಲವಾಗಿ, ಕೊನೆಗೆ ವಸ್ತುವನ್ನು ನುಂಗಿಸಬಹುದು, ಪ್ರಾಣಿಯನ್ನು ನುಂಗಿಸಬಹುದು, ಮನುಷ್ಯನನ್ನು ನುಂಗಿಸುವಂತಿಲ್ಲ ಎಂದು ಠರಾವಾಯಿತು. ಚಂಪಾ ಅವತ್ತೇ ಎಲ್ಲರ ಸರದಲ್ಲೂ ‘ಮನೆಮಂದಿಯ ದನಿ ಬಿಡು’ ಎಂದು ಒಂದು ಸಾಲು ಸೇರಿಸಿದಳು.

ಆಫೀಸಿಗೆ ಎರಡು ಪದ್ಧತಿಗಳಿದ್ದವು. ಒಂದು ಪಾಳಿ. ನಲ್ಲಿಯ ಮುಂದೆ ಕೊಡ ಇಟ್ಟ ಹಾಗೆ, ಹೊಸ ಸಾಲು ಯಾವಾಗಲೂ ಕೆಳಗೇ ಸೇರಬೇಕು. ಯಾರ ಮೋರೆ ನೋಡಿಯೂ ಮಧ್ಯೆ ತೂರಿಸುವಂತಿಲ್ಲ. ಇನ್ನೊಂದು ಗಡಿಯಾರ ಕಟ್ಟುವುದು. ಇದು ಬಂದದ್ದು ಬಂದೇನವಾಜನಿಂದ. ಮೊದಲ ತಿಂಗಳಲ್ಲೇ ಅವನು, ಹೊರಗಿನ ಕಳ್ಳರು ಸರ್ವರ್‌ಗೆ ನುಗ್ಗಬಾರದೆಂದು ‘ಹೊರಗಿನಿಂದ ಬಂದದ್ದೆಲ್ಲ ನುಂಗು’ ಎಂದು ಬರೆದು ಎಂಟರ್ ಒತ್ತಿದ. ಅವನ ಕೀಲಿಮಣೆಯೂ ಸರ್ವರ್‌ಗೆ ಹೊರಗಿನದೇ. ಸರ್ವರ್ ಅವನನ್ನೂ ನುಂಗಿತು. ತಪ್ಪು ತಿದ್ದುವ ಆಜ್ಞೆಯೂ ಒಳಗೆ ಹೋಗದೆ ಊರಿಗೆ ಊರೇ ಮರುದಿನ ಎಂಜಿನಿಯರು ಬಸ್ಸಿಳಿಯುವವರೆಗೆ ಕಿವುಡಾಗಿತ್ತು. ಒಂದು ಮದುವೆಯಲ್ಲಿ ಅಕ್ಕಿಕಾಳು ಬೀಳುವುದೇ ತಡವಾಯಿತಂತೆ. ಅಂದಿನಿಂದ ಯಾವ ಸಾಲು ಮುಟ್ಟುವ ಮೊದಲೂ ಗಡಿಯಾರ ಕಟ್ಟಬೇಕು. ಅರ್ಧ ತಾಸಿನೊಳಗೆ ಬಂದು ‘ಖಾಯಂ’ ಎಂದು ಒತ್ತದಿದ್ದರೆ ಗ್ವಾಡಿ ತಾನಾಗಿಯೇ ಮೊದಲಿನಂತಾಗುತ್ತದೆ.

ಗೋದಾಮಿನ ಬೆನ್ನಿಗೇ ಚಂಪಾಳ ಹಿತ್ತಲು. ಪಡಸಾಲೆಯಲ್ಲಿ ಎರಡು ಮಗ್ಗ, ಅವುಗಳ ನಡುವೆ ಅವಳ ಗಂಡ ಗುರುಬಸಪ್ಪ. ಮದುವೆಯಾದಾಗಲೇ ಅವನ ಕಿವಿ ಅರ್ಧ ಹೋಗಿತ್ತು. ಮಗಳು ಹುಟ್ಟುವ ಹೊತ್ತಿಗೆ ಪೂರ್ತಿ. ಅಂದಿನಿಂದ ಅವಳು ಒದರಿದ್ದೇ ಒದರಿದ್ದು. ಊಟಕ್ಕೆ ಬರ್ರೀ ಎಂದು ಒದರಿ, ಎಳೆ ಹರಿದಿದೆ ಎಂದು ಒದರಿ, ಮಗಳಿಗೆ ಜ್ವರ ಎಂದು ಒದರಿ, ಅವಳ ಗಂಟಲಿಗೆ ಬೇರೆ ದನಿಯೇ ಮರೆತುಹೋಯಿತು. ಒದರಿ ಸಾಕಾದಾಗ ಕೈಮಾತು ಇತ್ತು. ಅದು ಮಗ್ಗದವರ ಹಳೆಯ ಭಾಷೆ. ಅಂಗೈ ಮೇಲೆ ಅಂಗೈ ತಟ್ಟಿದರೆ ರೊಟ್ಟಿ, ಬೆರಳು ಕತ್ತರಿಯಾಡಿಸಿದರೆ ಎಳೆ ಹರಿಯಿತು, ಅಂಗೈ ಮಗುಚಿದರೆ ಇಲ್ಲ. ಗುರುಬಸಪ್ಪ ಅವಳ ಕೈ ನೋಡುತ್ತಿದ್ದ, ತುಟಿ ನೋಡುತ್ತಿದ್ದ, ಹುಬ್ಬಿನ ಸಣ್ಣ ಗಂಟನ್ನೂ ನೋಡುತ್ತಿದ್ದ. ನೋಡದಿದ್ದರೆ ಅವನಿಗೆ ಏನೂ ತಿಳಿಯುವಂತಿರಲಿಲ್ಲ.

ಅವನಿಗೆ ಮಣಿ ಹಾಕಿಸಿಕೊಂಡು ಬಂದ ದಿನ ಚಂಪಾ ಎದುರು ಕೂತು, “ಕೇಳಸ್ತೈತೇನ್ರಿ?” ಎಂದಳು. ಅವನು ಎರಡೂ ಕಿವಿಗೆ ಕೈ ಮುಚ್ಚಿಕೊಂಡ. ಕಣ್ಣಲ್ಲಿ ನೀರು ಬಂತು. ಇವಳೂ ಅತ್ತಳು. ಓಣಿಯ ಹೆಂಗಸರು ಸಕ್ಕರೆ ಹಂಚಿದರು.

ಅದೇ ಹೆಂಗಸರು ವರ್ಷ ತುಂಬುವುದರೊಳಗೆ ದೂರತೊಡಗಿದರು. ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತುತ್ತ ಹಿತ್ತಲಲ್ಲಿ ಕೂತಾಗ ಪಕ್ಕದ ಮನೆಯ ದುಂಡವ್ವ ರಾಗ ಎಳೆಯುವಳು.

“ಮೊದಲ ಬಾಯಿ ತಗದ್ರ ಸಾಕು, ನನ್ನ ಮಾರಿ ಪಿಕಿಪಿಕಿ ನೋಡ್ತಿದ್ದ. ಈಗ ಹೂಂ ಅಂತಾನ, ಹಾಂ ಅಂತಾನ, ಮಾರಿ ಮಾತ್ರ ಮೊಬೈಲ್ದಾಗ. ಹೊಸಾ ಸೀರಿ ಉಟ್ಟ ಮೂರ ದಿನಕ್ಕ ಯಾವಾಗ ತಂದಿ ಅಂತ ಕೇಳಿದ.”

“ಮೂರ ದಿನಕ್ಕರ ಕೇಳಿದ್ನಲ್ಲ, ಬಿಡು,” ಎಂದು ಚಂಪಾ ನಗುವಳು.

“ನೀ ನಗೂದ ಯಾಕ ನಗೂದಿಲ್ಲ. ನಿನ್ನ ಗಂಡ ಇನ್ನೂ ಹಂಗ ನೋಡ್ತಾನ. ನಿನ್ನೆ ನೀ ಮಾತಾಡೂ ಮುಂದ ನಾ ಕಂಡೇನಿ. ಹೊಸದಾಗಿ ಲಗ್ನ ಆದವ್ರಂಗ. ಏನ ಮದ್ದ ಹಾಕೀ ಹೇಳು, ನಾನೂ ಹಾಕ್ತೇನಿ.”

ಚಂಪಾ ಕಂಡಿಕೆಯ ಬುಟ್ಟಿ ಎತ್ತಿಕೊಂಡು ಏಳುವಳು. ಮನೆಯೊಳಗೆ ಹೋಗಿ ಗಂಡನೊಡನೆ ಮಾತಾಡುವಾಗ, ಅವನು ಮಗ್ಗ ನಿಲ್ಲಿಸಿ, ತಿರುಗಿ, ಅವಳ ಮುಖಕ್ಕೆ ಮುಖ ಕೊಟ್ಟು ನಿಂತಾಗ, ಎದೆಯಲ್ಲಿ ಒಂದು ತಂಪು ಹರಿಯುತ್ತಿತ್ತು. ಊರ ಗಂಡಸರಿಗೆಲ್ಲ ಕಿವಿ ಬಂದು ಕಣ್ಣು ಹೋಗಿತ್ತು. ತನ್ನವನಿಗೆ ಎರಡೂ ಉಳಿದಿದ್ದವು. ಬಡವರ ಮನೆಯಲ್ಲಿ ಹೆಮ್ಮೆ ಪಡುವ ಸಾಮಾನು ಕಡಿಮೆ. ಇದ್ದ ಒಂದನ್ನು ಅವಳು ಯಾರಿಗೂ ಕಾಣದಂತೆ ದಿನವೂ ಒರೆಸಿ ಇಟ್ಟುಕೊಂಡಿದ್ದಳು.

ಆಮೇಲೆ ಅವಳ ದನಿ ಒಡೆಯಿತು. ಮೊದಲು ನೆಗಡಿ ಎಂದುಕೊಂಡಳು. ಕಷಾಯ ಕುಡಿದಳು. ಒದರುವ ದನಿ ಹೋಗಿ ಗೊಗ್ಗರು ದನಿ ಬಂತು, ಗೊಗ್ಗರು ದನಿಯೂ ಸವೆದು, ಒಣ ಎಲೆ ನೆಲದ ಮೇಲೆ ಎಳೆದಂಥ ಪಿಸುದನಿ ಉಳಿಯಿತು. ರೊಟ್ಟಿ ಇಳಿಯುವಾಗ ನೋವು. ಹುಬ್ಬಳ್ಳಿಯ ಡಾಕ್ಟರಮ್ಮ ಗಂಟಲೊಳಗೆ ನಳಿಕೆ ಬಿಟ್ಟು ನೋಡಿ, ಚೂರು ತೆಗೆದು ಪರೀಕ್ಷೆಗೆ ಕಳಿಸಿ, ಗಂಡ ಹೆಂಡತಿಯನ್ನು ಒಟ್ಟಿಗೆ ಕೂಡಿಸಿಕೊಂಡು ಹೇಳಿದರು. ಗಡ್ಡೆ ಕೆಟ್ಟದ್ದು, ಆದರೆ ಹೊತ್ತಿಗೆ ಸಿಕ್ಕಿದೆ. ಧ್ವನಿಪೆಟ್ಟಿಗೆಯನ್ನು ಪೂರ್ತಿ ತೆಗೆಯಬೇಕು. ಜೀವಕ್ಕೆ ಭಯವಿಲ್ಲ. ಮಾತು ಹೋಗುತ್ತದೆ.

ವಾಪಸು ಬರುವ ಬಸ್ಸಿನಲ್ಲಿ ಚಂಪಾ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಗುರುಬಸಪ್ಪ ಅವಳ ತೊಡೆ ತಟ್ಟಿ ಮುಖ ತನ್ನ ಕಡೆ ತಿರುಗಿಸಿದ.

“ಹೋಗ್ಲಿ ಬಿಡು. ಜೀವ ಉಳದ್ರ ಸಾಕು. ನಮಗ ಕೈಮಾತ ಐತೆಲ್ಲ. ನಮಗೇನ ಹೊಸಾದು?”

ಸಮಾಧಾನದ ಮಾತೇ. ಆದರೂ ಅವಳಿಗೆ ಅದು ಎಲ್ಲೋ ಒಂದು ಕಡೆ ಚುಚ್ಚಿತು. ಇಷ್ಟು ವರ್ಷ ಒದರಿದ ದನಿ. ಅದು ಹೋಗುತ್ತದೆ ಎಂದರೆ, ಒಂದು ಗಳಿಗೆಯಾದರೂ ಅವನ ಮುಖ ಕಪ್ಪಿಡಬಾರದಿತ್ತೇ? ಗಂಡಸರ ಧೈರ್ಯ ಹಾಗೆಯೇ ಇರುತ್ತದೆ ಎಂದು ತನಗೆ ತಾನೇ ಹೇಳಿಕೊಂಡಳು.

ಆಪರೇಷನ್ನಿಗೆ ಮುಂದಿನ ಸೋಮವಾರ ನಿಗದಿಯಾಯಿತು. ಉಳಿದ ದಿನಗಳಲ್ಲಿ ಅವನೊಡನೆ ಮನಸ್ಸು ತುಂಬ ಮಾತಾಡಬೇಕೆಂದು ಅವಳು ನಿಶ್ಚಯಿಸಿದಳು. ಡಾಕ್ಟರಮ್ಮ ಜಾಸ್ತಿ ಮಾತು ಬೇಡ ಎಂದಿದ್ದರು. ಎಲ್ಲ ಮಾತನ್ನೂ ಉಳಿಸಿ ಅವನಿಗಷ್ಟೇ ಖರ್ಚು ಮಾಡಿದಳು. ತವರಿನ ಬಾವಿಯ ಮಾತು, ಮಗಳ ಬಾಣಂತನದ ಮಾತು, ಎಂದೋ ಅವನ ಮೇಲೆ ಸಿಟ್ಟು ಮಾಡಿ ಮೂರು ದಿನ ಉಪವಾಸ ಕೂತ ಮಾತು. ಅವನು ಕಣ್ಣು ಕೀಳದೆ ಕೇಳಿದ. ಅವಳು ಮಾತು ಹೋದ ಮೇಲೂ ಇರಲಿ ಎಂದು ಮೊಬೈಲಿನಲ್ಲಿ ತನ್ನ ದನಿ ಹಿಡಿದಿಟ್ಟಳು. ದೊಡ್ಡ ಮಾತೇನೂ ಹೊಳೆಯಲಿಲ್ಲ. “ಮಗ್ಗ ಬಂದ್ ಮಾಡ್ರಿ. ಹೊತ್ತಾತು. ಊಟಕ್ಕ ಬರ್ರಿ.” ಅಷ್ಟೇ.

ಬೆಳಿಗ್ಗೆ ಅದನ್ನು ಅವನ ಮುಂದೆ ಹಿಡಿದು ಹಚ್ಚಿದಳು. ಗುರುಬಸಪ್ಪ ಮೊಬೈಲ್ ನೋಡಲಿಲ್ಲ, ಅವಳ ತುಟಿ ನೋಡಿದ. ತುಟಿ ಮುಚ್ಚಿತ್ತು.

“ಏನಂತ?” ಎಂದ.

“ಕೇಳಸಲಿಲ್ಲೇನು?”

“ಮೊಬೈಲಿಂದು ನನಗ ಸರಿ ಕೇಳಸೂದಿಲ್ಲ. ಗ್ವಾಡ್ಯಾಗ ಏನರ ಅಡ್ಡ ಇರಬೇಕು ನೋಡು,” ಎಂದು ಅವನು ಮಗ್ಗದ ಕಡೆ ತಿರುಗಿದ.

ಅದೂ ನಿಜವಿರಬಹುದು. ಪಕ್ಕದ ಮನೆಯ ಹಾಡಿನ ಕಾಟಕ್ಕೆ ಅವನ ಸರದಲ್ಲಿ ‘ಮೊಬೈಲಿನ ಸದ್ದು ನುಂಗು’ ಎಂದು ಅವಳೇ ಬರೆದಿದ್ದಳು. ಆಫೀಸಿಗೆ ಹೋಗಿ ಗಡಿಯಾರ ಕಟ್ಟಿ ಆ ಸಾಲು ತೆಗೆದಳು. ಪದ್ಧತಿಯಂತೆ ಕೆಳಗೆ ಹೊಸದೊಂದು ಸಾಲು ಸೇರಿಸಿದಳು. ಗುರುಬಸಪ್ಪನ ಕಿವಿ, ಚಂಪಾಳ ದನಿ, ಎಲ್ಲಿಂದ ಬಂದರೂ ಬಿಡು. ಖಾಯಂ ಒತ್ತಿದಳು.

ಪ್ರತಿ ಸಾಲಿನ ಮುಂದೆಯೂ ಒಂದು ಎಣಿಕೆ ಇರುತ್ತದೆ, ಆ ಸಾಲಿನ ಕೈಗೆ ಸಿಕ್ಕ ಸದ್ದು ಎಷ್ಟೆಂದು. ಹೊಸ ಸಾಲಿನ ಮುಂದೆ ಸೊನ್ನೆ ಕೂತಿತ್ತು. ಮಧ್ಯಾಹ್ನ ಊಟಕ್ಕೆ ಹೋದಳು. ಅವನಿಗೆ ಬಡಿಸುತ್ತ, ಸೋಮವಾರ ಮಗಳು ನೇರವಾಗಿ ಹುಬ್ಬಳ್ಳಿಗೆ ಬರುತ್ತಾಳಂತೆ ಎಂದಳು. ಬರ್ಲಿ ಎಂದ. ಪುಂಡಿಪಲ್ಲೆಗೆ ಉಪ್ಪು ಸಾಲದೇ ಎಂದಳು. ಸಾಕು ಎಂದ. ಮೊಬೈಲನ್ನೂ ಮತ್ತೊಮ್ಮೆ ಹಚ್ಚಿದಳು. ಅವನು ಮತ್ತೆ ಅವಳ ಮುಖವನ್ನೇ ನೋಡಿದ. ವಾಪಸು ಬಂದು ಪರದೆ ತೆರೆದಳು.

ಸೊನ್ನೆ.

ಮೊಬೈಲಿನ ಮಾತು ಹಾಗಿರಲಿ. ಬಾಯಿಂದ ಆಡಿದ ಮಾತೂ ಆ ಸಾಲಿಗೆ ಬಂದಿರಲಿಲ್ಲ. ಬಂದಿಲ್ಲ ಎಂದರೆ ಮೇಲೆ ಎಲ್ಲೋ ಸಿಕ್ಕಿಬಿದ್ದಿದೆ. ‘ಮನೆಮಂದಿಯ ದನಿ ಬಿಡು’ ಸಾಲಿನಲ್ಲಿ ಸಿಕ್ಕಿರಬೇಕು ಎಂದುಕೊಂಡಳು. ಅದರ ಎಣಿಕೆ ನೋಡಿದಳು. ಮಗಳು ಯುಗಾದಿಗೆ ಬಂದಾಗ ಆಡಿದಷ್ಟು ಮಾತು ಅಲ್ಲಿತ್ತು. ದಿನವೂ ಆಡುವವಳದು ಇರಲಿಲ್ಲ. ಪಾಳಿಯ ಪದ್ಧತಿ ಬಂದ ಮೇಲೆ ಸರದ ತುದಿ ನೋಡುವುದೇ ರೂಢಿಯಾಗಿ, ತಲೆಯ ಕಡೆ ಯಾರೂ ಹೋಗುತ್ತಿರಲಿಲ್ಲ. ಚಂಪಾ ಒಂದೊಂದೇ ಸಾಲು ಮೇಲೆ ಹತ್ತಿದಳು. ಮಗ್ಗ, ನಾಯಿ, ಲೌಡ್‌ಸ್ಪೀಕರ್. ಎಲ್ಲಕ್ಕೂ ಮೇಲೆ, ಮೊದಲ ಸಾಲು.

ಅಲ್ಲಿ ಒಂದು ದನಿಗುರುತಿನ ಸಂಖ್ಯೆ ಇತ್ತು. ಅದು ಅವಳದೇ ದನಿಯ ಗುರುತು, ತನ್ನ ಫೋನ್ ನಂಬರಿನಷ್ಟೇ ಅವಳಿಗೆ ಬಾಯಿಪಾಠ. ಸಾಲಿನ ಕೊನೆಗೆ ‘ನುಂಗು’. ಅದರ ಮುಂದಿನ ಎಣಿಕೆಯ ಅಂಕಿ ತನ್ನ ಚೌಕದಲ್ಲಿ ಹಿಡಿಸದೆ ಪಕ್ಕದ ಚೌಕಕ್ಕೆ ಚಾಚಿಕೊಂಡಿತ್ತು.

ಬಂದೇನವಾಜ ಎರಡು ಗ್ಲಾಸು ಚಹ ಹಿಡಿದು ಒಳಗೆ ಬಂದ. ಪರದೆ ನೋಡಿದ. ಗ್ಲಾಸುಗಳನ್ನು ನೆಲಕ್ಕಿಟ್ಟು ಅಲ್ಲೇ ಕುಕ್ಕರುಗಾಲಲ್ಲಿ ಕೂತ.

“ಚಂಪಕ್ಕಾರ, ಅದು ಎಂಟ ದಿನಕ್ಕಂತ ಹಾಕಿದ್ದು,” ಎಂದ.

“ಯಾವ ಎಂಟ ದಿನ?”

“ಅಣ್ಣಾರು ಮಣಿ ಹಾಕಿಸ್ಕೊಂಡು ಬಂದ ಮರುದಿನ ಇಲ್ಲಿಗೆ ಬಂದಿದ್ರು. ನೀವು ಆಗ ಬ್ಯಾಂಕಿಗೆ ಹೋಗಿದ್ರಿ. ಆಕಿ ಮಾತಾಡಿದ್ರ ಕಿವ್ಯಾಗ ದಬ್ಬಣ ಆಡಿಸಿದಂಗ ಆಗ್ತೈತೋ ಅಂದ್ರು. ಅತ್ತಬಿಟ್ರು.”

“ಸದ್ದ ಕಡಿಮಿ ಮಾಡಬೇಕಾಗಿತ್ತು.”

“ಮಾಡಿ ನೋಡಿದ್ನಿರಿ. ಒದರೂ ದನಿ ಸಣ್ಣ ಆದ್ರೂ ಒದರೂ ದನಿನ. ನೀವ ಸಾವಕಾಶ ಮಾತಾಡಂತ ಹೇಳ್ರಿ ಅಂದೆ. ಕೈ ಮುಗದ್ರು. ‘ನನ್ನ ಸಲುವಾಗಿ ಒದರಿ ಒದರಿ ಆಕೀದು ಹಂಗ ಆಗೇತಿ. ಈಗ ನನಗ ಕಿವಿ ಬಂತು, ನೀ ಬಾಯಿ ಸಣ್ಣ ಮಾಡು ಅಂತ ಯಾವ ಮಾರಿ ಇಟ್ಕೊಂಡ ಹೇಳ್ಲಿ’ ಅಂದ್ರು. ಎಂಟ ದಿನ, ಕಿವಿಗೆ ರೂಢಿ ಆಗೂತನಕ ಅಂದ್ರು. ಆಕಿಗೆ ಗೊತ್ತಾಗಬಾರದು, ಟಿಕ್ ಅನಬಾರದು ಅಂದ್ರು. ಅದಕ್ಕ ಮರಳಿಸು ಹಾಕಲಿಲ್ಲ.”

“ಪಾಳಿ ಮುರದು ಮ್ಯಾಲ ಯಾಕ ಹಾಕಿದಿ?”

ಬಂದೇನವಾಜ ನೆಲ ನೋಡಿದ. “ಕೆಳಗ ಹಾಕಿದ್ರ ನಡೀತಿರಲಿಲ್ರಿ. ಮನಿಮಂದಿ ದನಿ ಬಿಡು ಅಂತ ನೀವ ಬರದ ಸಾಲ ಅಡ್ಡ ಬರ್ತಿತ್ತು.”

“ಎಂಟ ದಿನ ಆದ ಮ್ಯಾಲ?”

“ನಾ ಮರತೆ. ಅವ್ರೂ ಬರಲಿಲ್ಲ. ಮನ್ಯಾಗೆಲ್ಲಾ ಚಲೋ ನಡದಿತ್ತಲ್ರಿ.”

ಚಲೋ ನಡೆದಿತ್ತು. ಅದೇ ಅವಳಿಗೆ ತಡೆಯಲಾಗದ್ದು. ನಡೆದಿತ್ತು ಏಕೆಂದರೆ ಅವನು ತುಟಿ ಓದುವುದರಲ್ಲಿ ಪಳಗಿದವನು. ಓಣಿಯ ಹೆಂಗಸರು ಹೊಟ್ಟೆಕಿಚ್ಚು ಪಟ್ಟ ಆ ನೋಟ, ಮಗ್ಗ ನಿಲ್ಲಿಸಿ ತಿರುಗಿ ನಿಲ್ಲುವ ಆ ರೀತಿ, ಅವಳು ದಿನವೂ ಒರೆಸಿ ಇಟ್ಟುಕೊಂಡಿದ್ದ ಆ ಒಂದು ಸಾಮಾನು. ಕಿವುಡ ಹೇಗೆ ನೋಡುತ್ತಾನೋ ಹಾಗೆ ನೋಡಿದ್ದ, ಅಷ್ಟೇ. ಊರ ಸದ್ದೆಲ್ಲ ಅವನಿಗೆ ಬಂದಿತ್ತು. ದುಂಡವ್ವನ ದನಿ ಬಂದಿತ್ತು, ಹಲ್ಲಿಯದು ಬಂದಿತ್ತು. ಅವಳೊಬ್ಬಳಿಗೆ ಅವನು ಕಿವುಡನಾಗಿಯೇ ಉಳಿದಿದ್ದ. ಬಸ್ಸಿನಲ್ಲಿ ಅವನು ಹೇಳಿದ ಮಾತು ಈಗ ಅರ್ಥವಾಯಿತು. ಧೈರ್ಯವಲ್ಲ ಅದು. ಸೋಮವಾರ ಅವನ ಪಾಲಿಗೆ ಹೋಗುವುದು ಏನೂ ಇರಲಿಲ್ಲ.

ಅವನ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದಳು. ಅದಕ್ಕೂ ಹಿಡಿ ಸಿಗಲಿಲ್ಲ. ನೋಯಿಸಬಾರದೆಂದು ಮಾಡಿದ್ದು. ಮುಚ್ಚಿಟ್ಟದ್ದೂ ನೋಯಿಸಬಾರದೆಂದೇ. ದಬ್ಬಣದಂಥ ಆ ದನಿ ಸತ್ತು ವರ್ಷವಾಗಿತ್ತು. ಈಗ ಇದ್ದದ್ದು ಯಾವ ಕಿವಿಗೂ ನೋವಾಗದ ಪಿಸುದನಿ. ಅದು ಅವನಿಗೆ ಗೊತ್ತಿರಲಿಲ್ಲ, ಯಾಕೆಂದರೆ ಸಾಲು ಅಲ್ಲೇ ಇತ್ತು. ಸಾಲು ಅಲ್ಲೇ ಇತ್ತು, ಯಾಕೆಂದರೆ ಅವನಿಗೆ ಗೊತ್ತಿರಲಿಲ್ಲ.

“ಈಗಿಂದೀಗ ತಗದ ಬಿಡ್ತೇನ್ರಿ,” ಎಂದು ಬಂದೇನವಾಜ ಎದ್ದ.

“ನೀ ಮುಟ್ಟಬ್ಯಾಡ.”

ಅವಳೇ ಕೀಲಿಮಣೆ ಎಳೆದುಕೊಂಡಳು. ಗಡಿಯಾರ ಕಟ್ಟಿದಳು. ಗುರುಬಸಪ್ಪನ ಸರ, ಒಂದನೆಯ ಸಾಲು, ಅಳಿಸು. ಎಂಟರ್ ಒತ್ತಿದಳು. ಆ ಉದ್ದದ ಎಣಿಕೆ ಪರದೆಯಿಂದ ಹೋಯಿತು. ಅಷ್ಟು ವರ್ಷದ ಮಾತು ಎಲ್ಲಿಯೂ ಇರಲಿಲ್ಲ.

“ಖಾಯಂ ಒತ್ರಿ, ಅಕ್ಕಾರ,” ಎಂದ ಬಂದೇನವಾಜ.

“ಬಂದ ಒತ್ತತೇನಿ.”

“ಅರ್ಧ ತಾಸಿನ್ಯಾಗ ಬರ್ರಿ ಮತ್ತ. ಇಲ್ಲಾಂದ್ರ ನಾ ಒತ್ತಲೇನು?”

“ನಾ ಬರದಿದ್ರ ಹಂಗ ಬಿಡು. ಕೈ ಹಚ್ಚಬ್ಯಾಡ.”

ಹಿತ್ತಲ ಬಾಗಿಲಿನಿಂದ ಮನೆಗೆ ಬಂದಳು. ಮಧ್ಯಾಹ್ನದ ಕರೆಂಟು ಹೋಗಿ ಓಣಿಯ ಮಗ್ಗಗಳೆಲ್ಲ ಸುಮ್ಮನಿದ್ದವು, ಗ್ವಾಡಿ ಮಾತ್ರ ಬ್ಯಾಟರಿಯ ಮೇಲೆ ನಡೆಯುತ್ತಿತ್ತು. ಗುರುಬಸಪ್ಪ ಅವಳಿಗೆ ಬೆನ್ನು ಮಾಡಿ, ಮಗ್ಗದ ಮೇಲೆ ಬಗ್ಗಿ ಹರಿದ ಎಳೆ ಹಚ್ಚುತ್ತಿದ್ದ. ಬೆಳಕು ಅವನ ಕೈಬೆರಳುಗಳ ಮೇಲಿತ್ತು. ಅವಳು ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಒಂದು ಗುಟುಕು ನೀರು ಕುಡಿದಳು. ಬರುವ ದಾರಿಯಲ್ಲಿ ಏನು ಹೇಳಬೇಕೆಂದು ಜೋಡಿಸಿಕೊಂಡದ್ದೆಲ್ಲ ಮರೆತುಹೋಯಿತು. ಬೈಯಬೇಕೆಂದೂ ಇರಲಿಲ್ಲ. ಕೇಳಿದರೆ ಸಾಕಾಗಿತ್ತು. ಅವನು ಬೆನ್ನು ತಿರುಗಿಸಿರುವಾಗ, ತುಟಿ ಕಾಣದಿರುವಾಗ, ದನಿಯೊಂದೇ ಹೋಗಿ ಅವನನ್ನು ಮುಟ್ಟಿದರೆ ಸಾಕಾಗಿತ್ತು.

“ನಾ ಬಂದೇನ್ರಿ,” ಎಂದಳು.

ಗುರುಬಸಪ್ಪನ ಕೈ ನಿಂತಿತು. ತಲೆ ಎತ್ತಿದ. ಅವನು ಓಣಿಯ ಬಾಗಿಲ ಕಡೆ ಮುಖ ಮಾಡಿದ.

“ಏ ಚಂಪಾ, ಬಾಗಲ್ದಾಗ ಯಾರೋ ಬಂದಾರ ನೋಡು,” ಎಂದು ಕೂಗಿ ಹೇಳಿದ, ಹಿತ್ತಲ ಬಾಗಿಲ ಸದ್ದಿಗೆ ಅವಳು ಒಳಗೆ ಬಂದಿದ್ದಾಳೆಂದು ತಿಳಿದು.

ಮಣಿಗೆ ದಿಕ್ಕು ತಿಳಿಯುವುದಿಲ್ಲ, ಅದರ ತಪ್ಪು ಇರಬೇಕು ಎಂದುಕೊಂಡಳು. ಇನ್ನೊಮ್ಮೆ ಹೇಳಿದಳು, ಇದ್ದಬದ್ದ ದನಿಯನ್ನೆಲ್ಲ ಕೂಡಿಸಿ.

“ನಾನ ರೀ.”

“ಯಾರೋ ಹೆಣಮಗಳು,” ಎಂದ ಅವನು, ಮುಚ್ಚಿದ ಬಾಗಿಲನ್ನೇ ನೋಡುತ್ತ. “ದನಿ ಪೂರಾ ಒಡದೈತಿ, ಪಾಪ. ಏನರ ಬೇಡಾಕ ಬಂದಿರಬೇಕು. ಒಂದ ರೊಟ್ಟಿ ಕೊಡು. ಹಂಗ ಕಳಸಬ್ಯಾಡ.”

ಹೇಳಿ, ಮತ್ತೆ ಎಳೆಗೆ ಕೈ ಹಚ್ಚಿದ.

ಎರಡು ಹೆಜ್ಜೆ ನಡೆದು ಅವನ ಮುಂದೆ ನಿಂತು, ಅದು ನಾನೇ ಎಂದರೆ ಮುಗಿಯುತ್ತಿತ್ತು. ಅವನಿಗೆ ಎಲ್ಲ ತಿಳಿಯುತ್ತಿತ್ತು. ತಾನು ಮುಚ್ಚಿಟ್ಟದ್ದು ಬಯಲಾಯಿತೆಂದೂ, ಕಟ್ಟಿಕೊಂಡವಳ ದನಿಯನ್ನು ಭಿಕ್ಷೆಯವಳ ದನಿ ಎಂದೆನೆಂದೂ. ಅಷ್ಟನ್ನು ಹೊತ್ತುಕೊಂಡು ಅವನು ಸೋಮವಾರ ಆಸ್ಪತ್ರೆಯ ವರಾಂಡದಲ್ಲಿ ಕೂರಬೇಕು. ಆಮೇಲೆ ಜೀವಮಾನವಿಡೀ ಮಾತಿಲ್ಲದ ಹೆಂಡತಿಯ ಮುಖ ನೋಡಬೇಕು. ಅವಳು ಅವನ ಬಗ್ಗಿದ ಬೆನ್ನು ನೋಡಿದಳು. ಅಂಗಿಯ ಹೆಗಲ ಮೇಲೆ ಹತ್ತಿಯ ನವುರು ಕೂತಿತ್ತು.

ಬುಟ್ಟಿಯಿಂದ ಒಂದು ರೊಟ್ಟಿ ತೆಗೆದುಕೊಂಡಳು. ಬರಿಯ ರೊಟ್ಟಿ ಕೊಡುವುದು ಆ ಮನೆಯಲ್ಲಿ ಇರಲಿಲ್ಲ, ಮೇಲೆ ಒಂದು ಚಿಟಿಕೆ ಚಟ್ನಿಪುಡಿ ಹಾಕಿದಳು. ಬಾಗಿಲು ತೆರೆದು ಹೊರಗೆ ಹೋಗಿ ಎಳೆದುಕೊಂಡಳು. ಓಣಿಯಲ್ಲಿ ಯಾರೂ ಇರಲಿಲ್ಲ. ಕಟ್ಟೆಯ ಮೇಲೆ ಕೂತು, ರೊಟ್ಟಿ ಮುರಿದು, ತಿನ್ನತೊಡಗಿದಳು. ಸಣ್ಣ ಸಣ್ಣ ಚೂರು. ಒಂದೊಂದು ಚೂರೂ ಗಂಟಲನ್ನು ಕೆರೆದುಕೊಂಡು ಇಳಿಯಿತು. ಬಂದವಳನ್ನು ಹಾಗೆಯೇ ಕಳಿಸಬೇಡ ಎಂದಿದ್ದ; ಪೂರ್ತಿ ತಿಂದಳು. ಗೋದಾಮಿನ ಕಡೆಗೆ ಒಮ್ಮೆ ನೋಡಿದಳು, ಖಾಯಂ ಒತ್ತಲು ಏಳಲಿಲ್ಲ.

ಕರೆಂಟು ಬಂತು. ಓಣಿಯ ಆ ತುದಿಯಿಂದ ಮಗ್ಗಗಳು ಒಂದೊಂದಾಗಿ ಖಟಲ್ ಎನ್ನತೊಡಗಿದವು. ಅರ್ಧ ತಾಸು ಮುಗಿದಿತ್ತೋ ಇನ್ನೂ ಇತ್ತೋ ಅವಳಿಗೆ ತಿಳಿಯಲಿಲ್ಲ, ತಿಳಿಯಬೇಕೆನ್ನಿಸಲೂ ಇಲ್ಲ. ಸೆರಗಿನಿಂದ ಬಾಯಿ ಒರೆಸಿಕೊಳ್ಳುವಾಗ ಬಾಗಿಲು ತೆರೆಯಿತು. ಗುರುಬಸಪ್ಪ ಹೊಸ್ತಿಲಲ್ಲಿ ನಿಂತು ಓಣಿಯ ಎರಡೂ ದಿಕ್ಕು ನೋಡಿದ. ಆಮೇಲೆ ಅವಳ ಮುಖ ನೋಡಿದ, ಎಂದಿನಂತೆ, ಕಣ್ಣು ಕೀಳದೆ.

“ಕೊಟ್ಯಾ?”

ಚಂಪಾ ಅಂಗೈ ಮುಂದೆ ಚಾಚಿದಳು. ಕೊಟ್ಟೆ.

“ಏನಂದ್ಲು?”

ಅವಳು ಅಂಗೈ ಮಗುಚಿದಳು. ಏನೂ ಇಲ್ಲ.